ಕೂಸು ಬೆಳೆಯುತ್ತೆ, ಅಂಗಿ ಬೆಳೆಯಲ್ಲ: ಬಿಗಿ ಕಾಲದಲ್ಲಿ ಮಕ್ಕಳ ಸಾಮಾನಿನ ಸಣ್ಣ ವ್ಯಾಪಾರ

ಮಕ್ಕಳ ಸಾಮಾನಿನ ಅಂಗಡಿ ಇಡುತ್ತೇನೆ ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಒಂದೇ: "ಇಡ್ರಿ, ಮಕ್ಕಳು ಹುಟ್ಟೋದೇನ್ ನಿಲ್ಲಂಗಿಲ್ಲ." ಮಾತು ಸುಳ್ಳಲ್ಲ. ಬರ ಬಿದ್ದರೂ ಹೊಳೆ ಬಂದರೂ ತೊಟ್ಟಿಲ ಕಾರ್ಯ ನಡೆಯುತ್ತದೆ. ಆದರೂ ಬಾಗಲಕೋಟೆ, ಜಮಖಂಡಿ, ಮುಧೋಳದಲ್ಲಿ ಇಂಥ ಅಂಗಡಿಗಳು ಮುಚ್ಚಿದ್ದನ್ನು ನಾನು ನೋಡಿದ್ದೇನೆ. ಗಿರಾಕಿ ಬಾರದೆ ಮುಚ್ಚಿದವು ಕಡಿಮೆ. ಕಪಾಟಿನ ತುಂಬ ಮಾಲು, ಗಲ್ಲೆಯಲ್ಲಿ ಮಾತ್ರ ರೊಕ್ಕ ಇಲ್ಲ, ಹಾಗಾಗಿ ಮುಚ್ಚಿದವೇ ಜಾಸ್ತಿ.

ಕಾರಣ ಈ ಧಂದೆಯ ಗುಣದಲ್ಲೇ ಇದೆ. ದೊಡ್ಡವರ ಸೀರೆ, ಅಂಗಿ ಒಂದು ವರ್ಷ ಕೂತರೂ ಯಾರಿಗಾದರೂ ಆಗುತ್ತದೆ. ಮಗುವಿನ ಬಟ್ಟೆ ಹಾಗಲ್ಲ. ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಎರಡರಷ್ಟು ಆಗುತ್ತದೆ, ವರ್ಷ ತುಂಬುವಾಗ ಮೂರರಷ್ಟು. ಪ್ರತಿ ಗಿರಾಕಿಯ ಸೈಜು ಎರಡು ಮೂರು ತಿಂಗಳಿಗೆ ಬದಲಾಗುತ್ತಾ ಇರುತ್ತದೆ. ತಪ್ಪು ಸೈಜಿನಲ್ಲಿ ಸಿಕ್ಕಿಬಿದ್ದ ರೊಕ್ಕ ಬೇಗ ಹೊರಗೆ ಬರಲ್ಲ. ಕಾಲ ಚೆನ್ನಾಗಿದ್ದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಯಿಂದ ರೈತರಿಗೆ ಬರುವ ಕಬ್ಬಿನ ಬಿಲ್ಲು ತಡವಾದ ವರ್ಷ ಬೀಳುತ್ತದೆ.

ಒಂದರಿಂದ ಮೂರು ಲಕ್ಷದೊಳಗೆ ಬಂಡವಾಳ ಇರುವವರಿಗೆ ಈ ಲೇಖನ. ಈಗಾಗಲೇ ಅಂಗಡಿ ಇದ್ದವರು ಎರಡನೇ ಹೆಜ್ಜೆಯಿಂದ ಓದಬಹುದು.

1. ಮಾಲು ನೋಡುವ ಮುಂಚೆ ಲೆಕ್ಕ

ಒಂದು ವಹಿಯಲ್ಲಿ ತಿಂಗಳ ಖರ್ಚು ಬರೆಯಿರಿ. ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಮಳಿಗೆ ಅಂದುಕೊಳ್ಳೋಣ. ಬಾಡಿಗೆ 9,500, ಕರೆಂಟು 1,500, ಅರ್ಧ ದಿನ ಬರುವ ಹುಡುಗಿಯ ಪಗಾರ 7,000, ಚಹಾ, ಕೈಚೀಲ, ಟೆಂಪೋ ಸೇರಿ 2,000. ಒಟ್ಟು 20,000 ರೂಪಾಯಿ. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ನೂರು ರೂಪಾಯಿ ಮಾರಿದರೆ 25 ಉಳಿಯುತ್ತದೆ ಅಂತ ಇಟ್ಟುಕೊಂಡರೆ, ಬರೀ ಖರ್ಚು ಏಳಲು ತಿಂಗಳಿಗೆ 80,000 ವ್ಯಾಪಾರ ಆಗಬೇಕು. ಮನೆಗೆ 15,000 ಒಯ್ಯಬೇಕು ಅಂದರೆ 1,40,000. ತಿಂಗಳಿಗೆ 26 ದಿನ ಬಾಗಿಲು ತೆರೆದರೆ ದಿನಕ್ಕೆ 5,400ರ ಹತ್ತಿರ.

ಈಗ ಇನ್ನೊಂದು ಬದಿಯ ಲೆಕ್ಕ. ಕೈಯಲ್ಲಿ 2 ಲಕ್ಷ ಇದೆ. ಅದರಲ್ಲಿ ಮೂರು ತಿಂಗಳ ಖರ್ಚು 60,000 ಪಕ್ಕಕ್ಕಿಡಿ. ಡಿಪಾಜಿಟ್ಟು, ಕಪಾಟು, ಬೋರ್ಡು 40,000. ಮಾಲಿಗೆ ಉಳಿಯುವುದು 1 ಲಕ್ಷ. ಆ ಮಾಲು ಪೂರ್ತಿ ಮಾರಿದರೆ 33,000 ಲಾಭ. ಮೂರು ತಿಂಗಳಲ್ಲಿ ಮಾರಿಹೋದರೆ ತಿಂಗಳಿಗೆ 11,000 ಬಿತ್ತು. ಅಂಗಡಿಯ 20,000 ಖರ್ಚೇ ಏಳಲಿಲ್ಲ! ಅದೇ ಮಾಲು ಒಂದೇ ತಿಂಗಳಲ್ಲಿ ತಿರುಗಿದರೆ 33,000. ರೊಕ್ಕ ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ ಅದು ಎಷ್ಟು ಬೇಗ ತಿರುಗುತ್ತದೆ ಅನ್ನುವುದರ ಮೇಲೆ ಅಂಗಡಿ ನಿಲ್ಲುತ್ತದೆ.

ಆದ್ದರಿಂದ ನನ್ನ ನೇರ ಸಲಹೆ: 2 ಲಕ್ಷದೊಳಗಿನ ಬಂಡವಾಳಕ್ಕೆ ಮುಖ್ಯ ರಸ್ತೆಯ ಮಳಿಗೆ ಬೇಡ. ಮನೆಯ ಪಡಸಾಲೆಯಲ್ಲೋ ಮುಂದಿನ ಖೋಲಿಯಲ್ಲೋ ಶುರು ಮಾಡಿ. ಖರ್ಚು 4,000ಕ್ಕೆ ಇಳಿದರೆ ನಿಧಾನ ತಿರುಗುವ ಮಾಲೂ ನಿಮ್ಮನ್ನು ಮುಳುಗಿಸುವುದಿಲ್ಲ. ಬೆಳಗಾವಿಯ ಖಡೇಬಜಾರದಲ್ಲಿ, ಗಣಪತ್ ಗಲ್ಲಿಯಲ್ಲಿ ಅಂಗಡಿ ಇಡುವ ಆಸೆ ಇದ್ದರೆ ಇರಲಿ, ಅದಕ್ಕೆ ಬಂಡವಾಳವೂ ಹಾಗೇ ಇರಬೇಕು.

2. ಯಾರು ಕೊಳ್ಳುತ್ತಾರೆ ಅಂತ ಗಮನಿಸಿ

ಜಾಹೀರಾತುಗಳಲ್ಲಿ ಮಗುವಿನ ಸಾಮಾನು ಕೊಳ್ಳುವವಳು ತಾಯಿ. ನಮ್ಮಲ್ಲಿ ಕೊಳ್ಳುವವರು ಹೆಚ್ಚಾಗಿ ತಾಯಿಯ ತಾಯಿ. ಮೊದಲ ಹೆರಿಗೆ ತವರಿನಲ್ಲಿ, ಬಾಣಂತನ ತವರಿನಲ್ಲಿ. ತೊಟ್ಟಿಲು, ಹಾಸಿಗೆ, ಕುಲಾವಿ, ಕುಂಚಿಗೆ ಎಲ್ಲ ತವರಿನ ಕಡೆಯಿಂದ. ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದು ಅನ್ನುವ ಮನೆಗಳು ಇವತ್ತಿಗೂ ಇವೆ. ಮೊದಲ ದಿನಗಳಲ್ಲಿ ಕೂಸಿಗೆ ಹಳೆಯ ಮೆತ್ತನೆ ಸೀರೆಯೇ ಸುತ್ತುತ್ತಾರೆ. ಆಮೇಲೆ ಹೆಸರಿಡುವ ಕಾರ್ಯ ಹತ್ತಿರ ಬಂದಾಗ ಒಮ್ಮೆಲೇ ಅಂಗಡಿಗೆ ಬರುತ್ತಾರೆ. ಎರಡು ದಿನದಲ್ಲಿ ಎಲ್ಲ ಬೇಕು.

ಇದರಿಂದ ನಿಮಗೆ ಸಿಗುವುದು ಏನು? ಒಂದು, "ಹೆಸರಿಡೋ ಸೆಟ್ಟು" ಅಂತ ಕಟ್ಟಿಟ್ಟ ಗಂಟು. ಜಬಲಾ, ಕುಲಾವಿ, ಕುಂಚಿಗೆ, ದುಪಟಿ, ರಬ್ಬರ್ ಶೀಟು, ಸೊಳ್ಳೆ ಪರದೆ. ಮೂರು ಬೆಲೆಯಲ್ಲಿ ಇಡಿ: 600, 1,100, 2,000. ಕಾಲ ಬಿಗಿಯಾದಾಗ ಗಿರಾಕಿ ಅಂಗಡಿ ಬಿಟ್ಟು ಹೋಗದೆ ಕೆಳಗಿನ ಸೆಟ್ಟಿಗೆ ಇಳಿಯುತ್ತಾರೆ. ಒಂದೇ ಬೆಲೆ ಇದ್ದರೆ ಹೊರಗೆ ಇಳಿಯುತ್ತಾರೆ. ಎರಡು, ಅಜ್ಜಿಗೆ ಬೇಕಾದ ಉತ್ತರ ನಿಮ್ಮ ಬಾಯಲ್ಲಿ ಇರಬೇಕು. "ಅಕ್ಕಾರ, ತೊಳದ್ರ ಬಣ್ಣ ಬಿಡತೈತೇನ್ರಿ?" ಅಂತ ಕೇಳುತ್ತಾರೆ. "ಇಲ್ರೀ ಅಮ್ಮಾರ, ನಾ ಮನ್ಯಾಗ ತೊಳದು ನೋಡೇನಿ" ಅನ್ನಲು ನಿಮಗೆ ಧೈರ್ಯ ಇರಬೇಕು. ಅಂದರೆ ನಿಜವಾಗಿ ತೊಳೆದು ನೋಡಿರಬೇಕು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದೇ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ಶುರುವಾಯಿತು. ಹಳ್ಳಿಯಿಂದ ಪ್ಯಾಟಿಗೆ ಬಂದು ನಾಲ್ಕು ಅಂಗಡಿ ತಿರುಗಿ ಬೆಲೆ ಕೇಳಿ ಹೋಗುವುದು ಈಗ ಸುಲಭ. ನಿಮ್ಮ ಬೆಲೆ ಪಕ್ಕದ ಓಣಿಯ ಜೊತೆ ಅಷ್ಟೇ ಅಲ್ಲ, ಪಕ್ಕದ ತಾಲೂಕಿನ ಜೊತೆಗೂ ಹೋಲಿಕೆ ಆಗುತ್ತಿರುತ್ತದೆ ಅಂತ ತಿಳಿದುಕೊಳ್ಳಿ. ಗೃಹಲಕ್ಷ್ಮಿ ದುಡ್ಡು ಖಾತೆಗೆ ಬಂದ ವಾರ ನಿಮ್ಮ ಓಣಿಯಲ್ಲಿ ಏನು ಬದಲಾಗುತ್ತದೆ ಅಂತ ವಹಿಯಲ್ಲಿ ಗುರುತು ಹಾಕಿ. ಕೆಲವು ಕಡೆ ಚೆನ್ನಾಗಿ ಗೊತ್ತಾಗುತ್ತದೆ.

ಮಕ್ಕಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಂದರೆ ಗಿರಾಕಿ ಸಂಖ್ಯೆ ತಾನಾಗಿ ಬೆಳೆಯುವ ಧಂದೆ ಇದಲ್ಲ. ಒಮ್ಮೆ ಬಂದ ಮನೆಯವರು ಆ ಮಗುವಿಗೆ ಐದು ವರ್ಷ ಆಗುವವರೆಗೆ ನಿಮ್ಮಲ್ಲೇ ಬರಬೇಕು.

3. ಸೈಜು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ರೊಕ್ಕ ಸಾಯುವುದು ಇಲ್ಲೇ.

ಸಗಟು ವ್ಯಾಪಾರಿ ಬಟ್ಟೆಯನ್ನು ಸೆಟ್ಟಿನಲ್ಲಿ ಕೊಡುತ್ತಾನೆ. 16, 18, 20, 22, 24 ಹೀಗೆ ಒಂದೊಂದು. ನೋಡಲು ನ್ಯಾಯವಾಗಿದೆ. ಮಾರಾಟ ಹಾಗೆ ಆಗುವುದಿಲ್ಲ. ನಡುವಿನ ಸೈಜುಗಳು ಮೊದಲು ಹೋಗುತ್ತವೆ, ತುದಿಯವು ಉಳಿಯುತ್ತವೆ. ಹತ್ತು ಸೆಟ್ಟು ತಂದರೆ ಕೊನೆಗೆ ಹತ್ತು 16, ಹತ್ತು 24 ಕಪಾಟಿನಲ್ಲಿ ಕೂತಿರುತ್ತವೆ. ಇದಕ್ಕೇ ಮುರಿದ ಸೆಟ್ಟು ಅನ್ನುವುದು. ಲಾಭ ಪೂರ್ತಿ ಆ ಇಪ್ಪತ್ತು ಅಂಗಿಯಲ್ಲಿ ಸೇರಿಕೊಂಡಿರುತ್ತದೆ.

ಸಾಲದ್ದಕ್ಕೆ ನಮ್ಮ ಮಂದಿ ಮಗುವಿನ ಬಟ್ಟೆ ಅಳತೆಗೆ ಸರಿಯಾಗಿ ಕೊಳ್ಳುವುದಿಲ್ಲ. "ಸ್ವಲ್ಪ ದೊಡ್ಡದ ಕೊಡ್ರಿ, ಬೆಳೀತೈತಿ" ಅನ್ನುತ್ತಾರೆ. ಸರಿಯಾದ ಮಾತೇ. ಹಾಗಾಗಿ ಹುಟ್ಟಿದ ಕೂಸಿನ ಸೈಜು ಹೆಚ್ಚು ಇಡಬೇಡಿ. ಮೂರರಿಂದ ಆರು ತಿಂಗಳು, ಆರರಿಂದ ಹನ್ನೆರಡು ತಿಂಗಳಿನವು ಜಾಸ್ತಿ ಇರಲಿ.

ಮಾಡಬೇಕಾದದ್ದು ಇಷ್ಟು:

ಪ್ರತಿ ಪೀಸಿನ ಚೀಟಿಯ ಹಿಂದೆ ಅದು ಅಂಗಡಿಗೆ ಬಂದ ತಿಂಗಳನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಜೊತೆಗೆ ಅಸಲನ್ನು ನಿಮಗೆ ಮಾತ್ರ ತಿಳಿಯುವ ಅಕ್ಷರದಲ್ಲಿ.

ಮಾರಿದ್ದನ್ನು ಬರೆಯುವಾಗ ಬೆಲೆಯ ಜೊತೆ ಸೈಜು ಕೂಡ ಬರೆಯಿರಿ. ಎರಡು ತಿಂಗಳು ಬರೆದರೆ ಸಾಕು, ನಿಮ್ಮ ಓಣಿಗೆ ಯಾವ ಸೈಜು ಬೇಕು ಅಂತ ಯಾವ ಸಗಟು ವ್ಯಾಪಾರಿಗಿಂತಲೂ ಚೆನ್ನಾಗಿ ನಿಮಗೆ ಗೊತ್ತಿರುತ್ತದೆ.

60 ದಿನ ದಾಟಿದ ಪೀಸು ಮುಂದಿನ ಹ್ಯಾಂಗರಿಗೆ ಬರಲಿ. 90 ದಿನ ದಾಟಿದ್ದು ಅಸಲಿಗೆ ಹೋಗಲಿ. 120 ದಿನ ದಾಟಿದ್ದು ಅಸಲಿಗಿಂತ ಕೆಳಗಾದರೂ ಹೋಗಲಿ. ಕೈ ನಡುಗುತ್ತದೆ, ಗೊತ್ತು. ಆದರೆ 150ಕ್ಕೆ ತಂದ ಫ್ರಾಕು 120ಕ್ಕೆ ಕೊಟ್ಟರೆ ಆ 120ರಿಂದ ಇವತ್ತು ಓಡುವ ಮಾಲು ತರಬಹುದು. ಮುಂದಿನ ವರ್ಷದವರೆಗೆ ಇಟ್ಟರೆ ಮಡಿಕೆಯಲ್ಲಿ ಹಳದಿ ಗೆರೆ ಬಿದ್ದು 60ಕ್ಕೂ ಯಾರೂ ಕೇಳುವುದಿಲ್ಲ.

ಸ್ವೆಟರ್ ವಿಷಯದಲ್ಲಿ ಇನ್ನೂ ಎಚ್ಚರ. ಬೆಳಗಾವಿಯಲ್ಲಿ ಚಳಿ ಮಳೆ ಎರಡೂ ಜೋರು, ಅಲ್ಲಿ ಸ್ವೆಟರ್, ರೇನ್‌ಕೋಟ್ ಓಡುತ್ತವೆ. ವಿಜಯಪುರದಲ್ಲಿ ಚಳಿ ಅಂದರೆ ಕೆಲವೇ ವಾರ. ಅಲ್ಲಿ ತೆಳು ಹತ್ತಿಯ ತೋಳಿಲ್ಲದ ಅಂಗಿಯೇ ವರ್ಷದ ಹೆಚ್ಚಿನ ಕಾಲ ನಡೆಯುವುದು. ಬೆಳಗಾವಿಯ ಸಂಬಂಧಿಕರ ಅಂಗಡಿ ನೋಡಿ ವಿಜಯಪುರದಲ್ಲಿ ಸ್ವೆಟರ್ ತುಂಬಿಸಬೇಡಿ.

4. ಎಲ್ಲಿಂದ ತರಬೇಕು, ಹೇಗೆ ನೋಡಬೇಕು

ಬನಿಯನ್ ಬಟ್ಟೆಯ ಜಬಲಾ, ಚಡ್ಡಿಗಳ ಮೂಲ ಹೆಚ್ಚಾಗಿ ತಿರುಪ್ಪೂರು ಇಲ್ಲವೇ ಕೋಲ್ಕತಾ. ಟವೆಲ್ಲಿಗೆ ಸೊಲ್ಲಾಪುರ, ಅದು ವಿಜಯಪುರದಿಂದ ನೂರು ಕಿಲೋಮೀಟರ್ ಆಸುಪಾಸು. ತಾನಿನ ಬಟ್ಟೆಗೆ ಇಚಲಕರಂಜಿ. ನಮ್ಮ ರಬಕವಿ-ಬನಹಟ್ಟಿಯ ಮಗ್ಗಗಳನ್ನೂ ಮರೆಯಬೇಡಿ. ಸಣ್ಣ ಬಂಡವಾಳದವರು ಶುರುವಿನಲ್ಲಿ ತಿರುಪ್ಪೂರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಪೀಸಿಗೆ ಎಂಟು ಹತ್ತು ರೂಪಾಯಿ ಉಳಿಯುತ್ತದೆ ನಿಜ, ಆದರೆ ದೊಡ್ಡ ಲಾಟು ತೆಗೆದುಕೊಳ್ಳಬೇಕು. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸ್ವಲ್ಪ ಜಾಸ್ತಿ ಕೊಟ್ಟು ಹದಿನೈದು ದಿನಕ್ಕೊಮ್ಮೆ ಸ್ವಲ್ಪವೇ ತಂದರೆ ರೊಕ್ಕ ತಿರುಗುತ್ತದೆ. ಮೊದಲ ಹೆಜ್ಜೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಸಗಟು ವ್ಯಾಪಾರಿಯ ಹತ್ತಿರ ಬೆಲೆ ಇಳಿಸಲು ಚೌಕಾಸಿ ಮಾಡುವ ಬದಲು ಸೆಟ್ಟು ಬದಲಾಯಿಸಿಕೊಡಲು ಕೇಳಿ. "ಐದು ರೂಪಾಯಿ ಬಿಡಬ್ಯಾಡ್ರಿ ಕಾಕಾ, ಉಳಿದ ಸೈಜ್ ತಿಂಗಳೊಳಗ ತಂದ್ರ ಬದಲಿ ಕೊಡ್ರಿ." ಒಪ್ಪುವವರು ಸಿಗುತ್ತಾರೆ. ಅವನಿಗೆ ಆ ಸೈಜು ಬೇರೆ ಊರಿನಲ್ಲಿ ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ತಿರುಪ್ಪೂರಿನ ರಫ್ತಿಗೆ ಪೆಟ್ಟು ಬಿತ್ತು. ಅಂಥ ಹೊತ್ತಿನಲ್ಲಿ "ಎಕ್ಸ್‌ಪೋರ್ಟ್ ಮಾಲು, ಅಗ್ಗ" ಅಂತ ಫೋನು ಬರುತ್ತವೆ. ಬಟ್ಟೆ ಚೆನ್ನಾಗಿರಬಹುದು, ಆದರೆ ಸೈಜು ಅಲ್ಲಿನ ಮಕ್ಕಳದ್ದು, ಲಾಟು ದೊಡ್ಡದು. ಒಂದು ಮೂಟೆ ಬಿಚ್ಚಿ ನೋಡದೆ ರೊಕ್ಕ ಹಾಕಬೇಡಿ.

ಯಾವುದೇ ಹೊಸ ಮಾಲಿನಿಂದ ಎರಡು ಪೀಸು ಮನೆಗೆ ಒಯ್ಯಿರಿ. ಒಂದನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ, ಎಷ್ಟು ಕುಗ್ಗಿತು ಅಂತ ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ಬಣ್ಣ ಹತ್ತುತ್ತದೆಯೇ ನೋಡಿ. ಗುಂಡಿ, ಮಣಿ, ಹೂವನ್ನು ಜೋರಾಗಿ ಜಗ್ಗಿ. ಕಿತ್ತು ಬಂದರೆ ಆ ಮಾಲು ಬೇಡ, ಕೂಸಿನ ಬಾಯಿಗೆ ಹೋಗುವುದೇ ಅದು. ಕುತ್ತಿಗೆ ಹತ್ತಿರ ಉದ್ದ ದಾರ ಇರುವ ಟೋಪಿ, ಕುಂಚಿಗೆಗಳ ದಾರ ಗಿಡ್ಡ ಮಾಡಿಸಿ. ನಿದ್ದೆಯಲ್ಲಿ ಅದು ಸುತ್ತಿಕೊಳ್ಳುವ ಅಪಾಯ ಇದೆ.

5. ಎರಡು ಕಾನೂನು

ಇವೆರಡು ಮಕ್ಕಳ ಸಾಮಾನಿಗೇ ಇರುವ ಕಾನೂನುಗಳು. ಸಣ್ಣ ಅಂಗಡಿಯವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಆಟಿಕೆ: 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತು ಇಲ್ಲದ್ದನ್ನು ಮಾಡುವುದಷ್ಟೇ ಅಲ್ಲ, ಮಾರುವುದೂ ತಪ್ಪು. ಜಾತ್ರೆಗೆ ಅಂತ ಅಗ್ಗದ ಪ್ಲಾಸ್ಟಿಕ್ ಆಟಿಕೆ ಮೂಟೆಗಟ್ಟಲೆ ತರುವವರು ಇದನ್ನು ನೆನಪಿಡಿ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಗೋಕಾಕದ ಮರದ ಆಟಿಕೆ ಇಡುವುದಾದರೆ ಮಾಡಿದವರ ಆ ಗುರುತಿನ ಚೀಟಿಯ ಪ್ರತಿ ಕೇಳಿ ಇಟ್ಟುಕೊಳ್ಳಿ, ಮಾರುವವರು ನೀವಾದ್ದರಿಂದ ವಿನಾಯಿತಿ ನಿಮಗೂ ಸಲ್ಲುತ್ತದೆಯೇ ಅಂತ ಮೊದಲೇ ವಿಚಾರಿಸಿ.

ಹಾಲಿನ ಬಾಟಲಿ, ಹಾಲಿನ ಪುಡಿ: 1992ರ ಕಾನೂನು, 2003ರಲ್ಲಿ ಇನ್ನೂ ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಹಾಲಿನ ಬಾಟಲಿ ಇವುಗಳ ಜಾಹೀರಾತು ಮಾಡುವಂತಿಲ್ಲ. ಸ್ಯಾಂಪಲ್ ಹಂಚುವಂತಿಲ್ಲ, ಕೊಳ್ಳಲಿ ಅಂತ ಆಸೆ ಹುಟ್ಟಿಸುವ ಉಡುಗೊರೆ, ಆಫರ್ ಕೊಡುವಂತಿಲ್ಲ. ಎದೆಹಾಲು ಬಿಟ್ಟು ಬಾಟಲಿಗೆ ಹೋಗದಿರಲಿ ಅನ್ನುವುದು ಉದ್ದೇಶ. ಹಾಗಾಗಿ ನಿಮ್ಮ "ಹೆಸರಿಡೋ ಸೆಟ್ಟಿನಲ್ಲಿ" ಬಾಟಲಿ ಪುಕ್ಕಟೆ ಅಂತ ಸೇರಿಸಬೇಡಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅದರ ಫೋಟೋ ಬೇಡ. ಕೇಳಿದವರಿಗೆ ಐಎಸ್‌ಐ ಗುರುತು ಇರುವುದನ್ನು ಮಾರಿ, ಅಷ್ಟೇ.

6. ಬೆಲೆ ಮತ್ತು ರಿಯಾಯಿತಿ

150ಕ್ಕೆ ತಂದದ್ದು 200ಕ್ಕೆ ಮಾರಿದರೆ 50 ಉಳಿಯುತ್ತದೆ. "ಹತ್ತು ಪರ್ಸೆಂಟ್ ಬಿಡ್ರಿ" ಅಂದಾಗ 180 ಮಾಡಿದಿರಿ, ಉಳಿದದ್ದು 30. ಮೂರು ಪೀಸಿನಲ್ಲಿ ಬರುತ್ತಿದ್ದ 150 ರೂಪಾಯಿಗೆ ಈಗ ಐದು ಪೀಸು ಮಾರಬೇಕು. ವ್ಯಾಪಾರ ಕಡಿಮೆ ಇರುವ ತಿಂಗಳಲ್ಲಿ ಇನ್ನೆರಡು ಪೀಸು ಎಲ್ಲಿಂದ ಬರುತ್ತವೆ?

ಓಡುವ ಮಾಲಿಗೆ ಬೆಲೆ ಇಳಿಸಬೇಡಿ. ಕೂತ ಮಾಲಿಗೆ ಇಳಿಸಿ. ಎರಡನ್ನೂ ಕಲಸಿ ಇಡೀ ಅಂಗಡಿಗೆ "ಸೇಲ್" ಬೋರ್ಡು ಹಾಕುವುದು ಸಣ್ಣ ಅಂಗಡಿಯವರು ಮಾಡಬಾರದ ಕೆಲಸ. ಒಮ್ಮೆ ಹಾಕಿದರೆ ಮುಂದಿನ ಸೇಲಿನವರೆಗೆ ಜನ ಕಾಯುತ್ತಾರೆ.

ಡೈಪರಿನಲ್ಲಿ ಲಾಭ ಬಹಳ ತೆಳು. ಆದರೂ ಇಡಿ. ಡೈಪರಿಗೆ ಬಂದವರು ವಾರಕ್ಕೊಮ್ಮೆ ಬರುತ್ತಾರೆ, ಕಣ್ಣಿಗೆ ಬಿದ್ದ ಚಡ್ಡಿ, ಟೋಪಿ ಒಯ್ಯುತ್ತಾರೆ. ಬಿಡಿಯಾಗಿ ಕೊಡಿ. ಕೈ ಬಿಗಿಯಾದ ಮನೆಯವರು ದೊಡ್ಡ ಪ್ಯಾಕು ಬಿಟ್ಟು ಬಿಡಿ ಡೈಪರಿಗೆ ಇಳಿಯುತ್ತಾರೆ, ಪ್ರಯಾಣಕ್ಕೆ ಮಾತ್ರ ಅಂತ ಒಂದೆರಡು ಒಯ್ಯುತ್ತಾರೆ.

2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ ಜಿಎಸ್‌ಟಿ ಶೇ. 5. ಮುಂಚೆ 1,000 ದಾಟಿದರೆ ಶೇ. 12 ಇತ್ತು. ಡೈಪರ್, ಹಾಲಿನ ಬಾಟಲಿ, ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳೂ 12ರಿಂದ 5ಕ್ಕೆ ಇಳಿದವು. ಸಗಟು ಬಿಲ್ಲಿನಲ್ಲಿ ಹಳೆಯ ದರ ಹಾಕಿ ಯಾರಾದರೂ ಕೊಟ್ಟರೆ ಪ್ರಶ್ನಿಸಿ.

7. ಉದ್ರಿ

ಉದ್ರಿ ಪೂರ್ತಿ ನಿಲ್ಲಿಸುತ್ತೇನೆ ಅನ್ನುವವರು ನಮ್ಮ ಊರುಗಳಲ್ಲಿ ವ್ಯಾಪಾರ ಮಾಡಲಾರರು. ಆದರೆ ಮಿತಿ ಇರಲಿ. ಒಂದು ಮನೆಗೆ 1,000 ರೂಪಾಯಿ, ಒಟ್ಟು ಉದ್ರಿ ಮಾಲಿನ ಹತ್ತನೇ ಒಂದು ಭಾಗ. ಅದಕ್ಕಿಂತ ಮೇಲೆ ಹೋದರೆ ಹೊಸ ಉದ್ರಿ ಬಂದ್. ವಸೂಲಿಯ ದಿನವನ್ನು ಗಿರಾಕಿಯ ಬಾಯಿಂದಲೇ ಹೇಳಿಸಿ, ಅವರ ಎದುರಿಗೇ ಬರೆಯಿರಿ. "ಬಿಲ್ ಬಂದ ಮ್ಯಾಲೆ" ಅನ್ನುವುದು ದಿನ ಅಲ್ಲ.

8. ನಿಮ್ಮ ಸುತ್ತಿನ ರೊಕ್ಕದ ಪಂಚಾಂಗ

ಮಕ್ಕಳ ಸಾಮಾನಿನ ವ್ಯಾಪಾರ ಹಬ್ಬದ ಮೇಲೆ ನಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಬ್ಬಕ್ಕಿಂತ ಮುಂಚೆ ನೋಡಬೇಕಾದದ್ದು ಬೆಳೆಯ ರೊಕ್ಕ.

ಬೆಳಗಾವಿ, ಬಾಗಲಕೋಟೆಯ ಹೊಳೆಸಾಲಿನಲ್ಲಿ ಕಬ್ಬು ನುರಿಸುವುದು ನವೆಂಬರ್ ಹೊತ್ತಿಗೆ ಶುರು. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ಏನಾಗುತ್ತದೆ ಅಂತ ನಮಗೆ ಗೊತ್ತೇ ಇದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ದರ ಬೇಕು ಅಂತ ರೈತರು ಧರಣಿ ಕೂತರು, ಕೊನೆಗೆ 3,300ಕ್ಕೆ ತೀರ್ಮಾನವಾಯಿತು. ಅಂಥ ದಿನಗಳಲ್ಲಿ ಹೊಳೆಸಾಲಿನ ಪ್ಯಾಟಿಗಳಲ್ಲಿ ಬಟ್ಟೆ ಅಂಗಡಿಯ ಬೋಣಿಗೆಯೇ ತಡ. ಕಬ್ಬಿನ ಸೀಮೆಯವರು ನವೆಂಬರಿನಲ್ಲಿ ದೊಡ್ಡ ಖರೀದಿ ಮಾಡಬೇಡಿ. ಮೊದಲ ಬಿಲ್ಲು ಬಿದ್ದ ಸುದ್ದಿ ಕೇಳಿ ಮಾಡಿ.

ವಿಜಯಪುರದ ಕಡೆ ಲೆಕ್ಕ ಬೇರೆ. ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಯ ರೊಕ್ಕ ಬೇಸಿಗೆಯಲ್ಲಿ. ಇಂಡಿಯ ಕಡೆ ನಿಂಬೆ. ಗುಳೇದಗುಡ್ಡ, ರಬಕವಿ, ಇಳಕಲ್ಲಿನಂಥ ನೇಕಾರರ ಊರಿನಲ್ಲಿ ಮಳೆಗಿಂತ ಸೀರೆ, ಖಣದ ಬೇಡಿಕೆಯೇ ಮುಖ್ಯ.

ಜೂನ್ ತಿಂಗಳು ಎಲ್ಲ ಕಡೆ ಬಿಗಿ. ಬೀಜ-ಗೊಬ್ಬರ ಒಂದು ಕಡೆ, ಶಾಲೆ ಫೀಸು ಇನ್ನೊಂದು ಕಡೆ. ಆಷಾಢದಲ್ಲಿ ಮದುವೆಯೂ ಇಲ್ಲ. ಆಮೇಲೆ ಶ್ರಾವಣದಲ್ಲಿ ನಾಗರ ಪಂಚಮಿ. ಮದುವೆಯಾದ ಹೆಣ್ಣುಮಕ್ಕಳು ಕೂಸುಗಳ ಜೊತೆ ತವರಿಗೆ ಬರುತ್ತಾರೆ, ಜೋಕಾಲಿ, ಉಂಡಿ, ಹೊಸ ಬಟ್ಟೆ. ಮಕ್ಕಳ ಬಟ್ಟೆಗೆ ಇದಕ್ಕಿಂತ ಒಳ್ಳೆ ಹಬ್ಬ ನಮ್ಮ ಭಾಗದಲ್ಲಿ ಇಲ್ಲ ಅಂತ ನನ್ನ ಅನಿಸಿಕೆ. ದೀಪಾವಳಿಗೆ ದೊಡ್ಡ ಅಂಗಡಿಗಳು ಗಿರಾಕಿ ಎಳೆದುಕೊಳ್ಳುತ್ತವೆ, ಪಂಚಮಿ ಸಣ್ಣವರದು.

ಒಂದು ಕ್ಯಾಲೆಂಡರ್ ತೆಗೆದುಕೊಂಡು ಈ ದಿನಗಳನ್ನು ಗುರುತು ಮಾಡಿ. ಖರೀದಿ ಹಬ್ಬಕ್ಕೆ ಮೂರು ವಾರ ಮುಂಚೆ, ಎರಡು ಕಂತಿನಲ್ಲಿ. ಮೊದಲ ಕಂತು ಅರ್ಧ. ಅದು ಓಡಿದರೆ ಉಳಿದರ್ಧ.

9. ವಹಿ, ತೆರಿಗೆ, ಸಾಲ

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಇದು ರಾಜ್ಯದೊಳಗೆ ಮಾರುವವರಿಗೆ. ಬೆಳಗಾವಿಯಿಂದ ಸಾಂಗ್ಲಿಗೋ ಕೊಲ್ಹಾಪುರಕ್ಕೋ ಫ್ರಾಕಿನ ಪಾರ್ಸೆಲ್ ಕಳಿಸಲು ಶುರು ಮಾಡಿದರೆ ಮೊದಲು ನೋಂದಣಿ ಮಾಡಿಸಿ. ಗಡಿಯಲ್ಲಿರುವವರು ಇದನ್ನು ಸುಲಭಕ್ಕೆ ಮರೆಯುತ್ತಾರೆ. ನೋಂದಣಿ ಆದ ಸಣ್ಣ ವ್ಯಾಪಾರಿಗೆ ಕಾಂಪೋಸಿಷನ್ ಇದೆ, ವಹಿವಾಟಿನ ಶೇ. 1 ಕಟ್ಟಿದರೆ ಆಯಿತು. ಅದರಲ್ಲಿ ಇದ್ದವರು ಹೊರರಾಜ್ಯಕ್ಕೆ ಮಾರುವಂತಿಲ್ಲ, ಗಿರಾಕಿಯಿಂದ ತೆರಿಗೆ ಬೇರೆ ವಸೂಲಿ ಮಾಡುವಂತಿಲ್ಲ.

2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ನೆನಪಿದೆ ಅಲ್ವಾ? ಕೆಲವರು ಹೆದರಿ ಕ್ಯೂಆರ್ ಬೋರ್ಡನ್ನೇ ಕಿತ್ತರು. ಅದು ಪರಿಹಾರವಲ್ಲ. ಅಂಗಡಿಗೆ ಬೇರೆ ಖಾತೆ ತೆಗೆಯಿರಿ. ತಮ್ಮ ಕಳಿಸಿದ ಸಾಲ, ಮನೆ ಬಾಡಿಗೆ, ಭಿಶಿ (ಹತ್ತು ಮಂದಿ ಕೂಡಿ ಕಟ್ಟುವ ಚೀಟಿ) ರೊಕ್ಕ ಯಾವುದೂ ಆ ಖಾತೆಗೆ ಬರಬಾರದು. ಆಗ ಯಾರು ಕೇಳಿದರೂ ತೋರಿಸಬಹುದು.

ಸೊಸೈಟಿಯ ಪಿಗ್ಮಿ ಏಜೆಂಟರು ದಿನಾ ಬರುತ್ತಾರಲ್ಲ, ಅವರನ್ನು ಉಪಯೋಗಿಸಿಕೊಳ್ಳಿ. ದಿನಕ್ಕೆ 200 ಅಂದರೆ 26 ದಿನಕ್ಕೆ 5,200. ಅದು ಬಾಡಿಗೆಗೆ ಮೀಸಲು. ಅಂಗಡಿಯ ರೊಕ್ಕ ಭಿಶಿಗೆ ಹಾಕಬೇಡಿ. ನಡೆಸುವವರು ಎಷ್ಟೇ ಒಳ್ಳೆಯವರಿದ್ದರೂ, ಕಷ್ಟದ ವರ್ಷದಲ್ಲಿ ಒಬ್ಬರು ಕಟ್ಟದಿದ್ದರೆ ಎಲ್ಲರ ಕಂತೂ ನಿಲ್ಲುತ್ತದೆ.

ಸಾಲ ತೆಗೆಯುವುದಾದರೆ ಹೊಲಿಗೆ ಯಂತ್ರಕ್ಕೆ ತೆಗೆಯಿರಿ, ಮಾಲಿಗೆ ಬೇಡ. ನೂರಕ್ಕೆ ಮೂರರ ಕೈಸಾಲ 50,000 ಅಂದರೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿ. ಅದನ್ನು ದುಡಿಯಲು ಮೇಲಿನ ಲಾಭದ ಲೆಕ್ಕದಲ್ಲಿ 72,000 ವ್ಯಾಪಾರ ಬೇಕು. ಬ್ಯಾಂಕಿನ ಮುದ್ರಾ ಸಾಲದಲ್ಲಿ ಶಿಶು ವಿಭಾಗ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ಅಡಮಾನ ಕೇಳುವುದಿಲ್ಲ. ಹೊಲಿಯುವವರು ಕಸುಬುದಾರರಿಗಾಗಿ ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ ನೋಡಬಹುದು. ದರ್ಜಿಗಳು, ಸಾಂಪ್ರದಾಯಿಕ ಗೊಂಬೆ ಮಾಡುವವರು ಇಬ್ಬರೂ ಅದರ 18 ಕಸುಬುಗಳಲ್ಲಿ ಇದ್ದಾರೆ. ತರಬೇತಿ, ಸಲಕರಣೆಗೆ 15,000, ಆಮೇಲೆ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಸಾವಿರ ಎರಡು ಸಾವಿರ ಕೇಳುವ ಮಧ್ಯಸ್ಥರಿಗೆ ಕೈಮುಗಿದು ಕಳಿಸಿ.

10. ಸ್ವಲ್ಪವಾದರೂ ನೀವೇ ಮಾಡಿಸಿ

ತಂದು ಮಾರುವುದರಲ್ಲಿ 25 ಉಳಿದರೆ ಮಾಡಿ ಮಾರುವುದರಲ್ಲಿ ಹೆಚ್ಚು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಬೇಕಾದ ಸೈಜು ಬೇಕಾದಷ್ಟೇ ಹೊಲಿಸಬಹುದು, ಮುರಿದ ಸೆಟ್ಟಿನ ಮಾತೇ ಇಲ್ಲ.

ನಮ್ಮಲ್ಲಿ ಇದಕ್ಕೆ ಮೂರು ಒಳ್ಳೆ ಸಾಮಾನು ಇವೆ. ಗುಳೇದಗುಡ್ಡದ ಖಣದಲ್ಲಿ ಪುಟ್ಟ ಹುಡುಗಿಯರ ಪರಕರ-ಪೋಲಕ. ಹೆಸರಿಡುವ ದಿನಕ್ಕೆ ಅದೇ ಖಣದ ಕುಂಚಿಗೆ. ಮೂರನೆಯದು ಕೂಸಿನ ಕೌದಿ. ಖಣ ಚರ್ಮಕ್ಕೆ ಚುಚ್ಚದ ಹಾಗೆ ಒಳಗೆ ಮೆತ್ತನೆ ಹತ್ತಿಯ ಅಸ್ತರ ಕಡ್ಡಾಯ. ಪೋಲಕದ ಬದಿಗೆ, ಪರಕರದ ಅಂಚಿಗೆ ಎರಡು ಇಂಚು ಬಟ್ಟೆ ಒಳಗೆ ಮಡಿಸಿ ಹೊಲಿಸಿ. "ಮುಂದಿನ ವರ್ಷ ಬಿಚ್ಚಿಕೊಳ್ಳಬಹುದು" ಅಂತ ಹೇಳಿ ಮಾರಿ. ಕಷ್ಟದ ಕಾಲದಲ್ಲಿ ಈ ಎರಡು ಇಂಚು ನಿಮಗೆ ಯಾವ ಜಾಹೀರಾತಿಗಿಂತ ಜಾಸ್ತಿ ಗಿರಾಕಿ ತರುತ್ತದೆ.

ಕೌದಿಯನ್ನು ಮನೆಯಲ್ಲೇ ಹೊಲಿಯುವ ಹೆಣ್ಣುಮಕ್ಕಳು ಪ್ರತಿ ಊರಿನಲ್ಲಿ ಇದ್ದಾರೆ. ಅವರಿಗೆ ಕೂಲಿಯನ್ನು ಪೀಸಿಗೆ ಇಷ್ಟು ಅಂತ ಮೊದಲೇ ಮಾತಾಡಿ, ಮಾಲು ಕೈಗೆ ಬಂದ ದಿನವೇ ಕೊಡಿ. ನೀವು ಮಾರಿದ ಮೇಲೆ ಕೊಡುತ್ತೇನೆ ಅಂದರೆ ನಿಮ್ಮ ಉದ್ರಿಯನ್ನು ಅವರ ತಲೆ ಮೇಲೆ ಹಾಕಿದ ಹಾಗೆ.

ನೀವು ಮಾಡಿದ್ದನ್ನು ಬೇರೆ ದೊಡ್ಡ ಅಂಗಡಿಗಳಿಗೆ ಕೊಟ್ಟರೆ ಉದ್ಯಮ್ ನೋಂದಣಿ ಉಪಯೋಗಕ್ಕೆ ಬರುತ್ತದೆ. 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಬರೀ ತಂದು ಮಾರುವವರಿಗೆ ಈ ರಕ್ಷಣೆ ಇಲ್ಲ.

ವಾಟ್ಸಾಪಿನಲ್ಲಿ ಮಾರಲು ಹಾಕುವ ಬಟ್ಟೆಯ ಫೋಟೋವನ್ನು ಬೆಳಗಿನ ಬಿಸಿಲಲ್ಲಿ, ಬಿಳಿ ದುಪಟಿ ಮೇಲೆ ಇಟ್ಟು ತೆಗೆಯಿರಿ. ಪಕ್ಕದಲ್ಲಿ ಟೇಪು ಕಾಣಲಿ. ತಿಂಗಳ ಲೆಕ್ಕದ ಜೊತೆ ಎದೆ ಅಳತೆ, ಉದ್ದ ಇಂಚಿನಲ್ಲಿ ಬರೆಯಿರಿ. ಸೈಜು ತಪ್ಪಿ ವಾಪಸ್ ಬರುವುದು ಅರ್ಧ ನಿಲ್ಲುತ್ತದೆ. ಗಿರಾಕಿಯ ಮಗುವಿನ ಫೋಟೋವನ್ನು ಮನೆಯವರನ್ನು ಕೇಳದೆ ಹಾಕಬೇಡಿ. ಆಸ್ಪತ್ರೆಯಿಂದ ಬಾಣಂತಿಯರ ಫೋನ್ ನಂಬರ್ ತರಿಸಿಕೊಳ್ಳುವ ಚಾಳಿ ಕೆಲವು ಕಡೆ ಇದೆ. ಅದು ಹೇಸಿಗೆ ಕೆಲಸ.

11. ಹೊಳೆ, ವಿಮೆ, ಮತ್ತು ನಿಲ್ಲಿಸುವ ದಿನ

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಬಂದದ್ದನ್ನು ಕಂಡವರಿಗೆ ಹೇಳಬೇಕಿಲ್ಲ. ಹೊಳೆಸಾಲಿನ ಅಂಗಡಿಯಲ್ಲಿ ಜುಲೈಯಿಂದ ಕೆಳಗಿನ ಎರಡು ಕಪಾಟು ಖಾಲಿ ಇರಲಿ. ಅಂಗಡಿ ವಿಮೆ ಮಾಡಿಸುವಾಗ ಬೆಂಕಿ, ಕಳ್ಳತನದ ಜೊತೆ ನೆರೆಯೂ ಸೇರಿದೆಯೇ ಅಂತ ಬರೆದದ್ದನ್ನೇ ಓದಿ ನೋಡಿ. ಖರೀದಿ ಬಿಲ್ಲುಗಳ ಫೋಟೋ ಫೋನಿನಲ್ಲಿ ಇರಲಿ. ವಹಿ ನೀರಿಗೆ ಹೋದರೆ ಮಾಲಿತ್ತು ಅನ್ನಲು ಅದೇ ಸಾಕ್ಷಿ.

ಕೊನೆಗೆ, ಯಾವಾಗ ಮಳಿಗೆ ಬಿಡಬೇಕು ಅನ್ನುವುದನ್ನು ಶುರುವಿನಲ್ಲೇ ತೀರ್ಮಾನಿಸಿ ಬರೆದಿಡಿ. ನನ್ನ ಪ್ರಕಾರ ಒಂದು ಹಬ್ಬದ ತಿಂಗಳೂ ಸೇರಿ ಸತತ ಮೂರು ತಿಂಗಳು ಖರ್ಚು ಏಳದಿದ್ದರೆ ಮಳಿಗೆ ಬಿಟ್ಟು ಮನೆಯಿಂದ ನಡೆಸಬೇಕು. ಬಾಡಿಗೆ ಕರಾರಿನಲ್ಲಿ ಬಿಡುವ ಮುಂಚಿನ ನೋಟಿಸು ಒಂದು ತಿಂಗಳಿಗಿಂತ ಜಾಸ್ತಿ ಇರದ ಹಾಗೆ ಮೊದಲೇ ಬರೆಸಿ, ಡಿಪಾಜಿಟ್ಟು ವಾಪಸ್ಸಿನ ದಿನವನ್ನೂ ಬರೆಸಿ. ಉಳಿದ ಮುರಿದ ಸೆಟ್ಟುಗಳಿಗೆ ಜನವರಿಯ ಜಾತ್ರೆಗಳು ಒಳ್ಳೆಯವು: ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಬಾದಾಮಿಯಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಬನಶಂಕರಿಯಲ್ಲಿ ಅಂಗಡಿಗಳು ವಾರಗಟ್ಟಲೆ ಇರುತ್ತವೆ. ಜಾಗದ ಬಾಡಿಗೆ ಕೊಡುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಅಲ್ಲಿನ ಮಕ್ಕಳ ಬಟ್ಟೆಯ ಬೆಲೆ ಕೇಳಿ ಬನ್ನಿ. ನಿಮ್ಮ ಅಸಲಿಗಿಂತ ಅವರ ಮಾರುವ ಬೆಲೆಯೇ ಕಡಿಮೆ ಇದ್ದರೆ ಆ ಮಾಲನ್ನು ಮನೆ ಮುಂದೆಯೇ ರಾಶಿ ಹಾಕಿ, ಒಂದೇ ಬೆಲೆಗೆ ಆರಿಸಿಕೊಳ್ಳಿ ಅಂತ ಮಾರುವುದು ಅಗ್ಗ ಬೀಳುತ್ತದೆ.